ಧಾರಾಳಪ್ಪನವರ ಅಭಿಮಾನ

ಧಾರಾಳಪ್ಪನವರಿಗೆ ಆ ಹೆಸರು ಹೆತ್ತವರು ಇಟ್ಟದ್ದಲ್ಲ, ಅವರ ಕಿವಿ ಸಂಪಾದಿಸಿ ಕೊಟ್ಟದ್ದು.

ಮೂವತ್ತು ವರ್ಷ ಕಿತ್ತಳೆ ತೋಟದಲ್ಲಿ ಔಷಧಿ ಹೊಡೆಯುವ ಪಂಪಿನ ಪಕ್ಕದಲ್ಲೇ ನಿಂತು ದುಡಿದ ಮನುಷ್ಯ. ಆ ಪಂಪು ಗಡಗಡ ಅಂತ ವರ್ಷಕ್ಕಿಷ್ಟು ಕಿವಿಯನ್ನು ಮೇಯುತ್ತಾ ಬಂದು, ಅವರಿಗೆ ಐವತ್ತೆಂಟು ತುಂಬುವ ಹೊತ್ತಿಗೆ ಬಲಗಿವಿಯನ್ನು ಪೂರ್ತಿಯಾಗಿಯೂ ಎಡಗಿವಿಯನ್ನು ಮುಕ್ಕಾಲು ಪಾಲೂ ನುಂಗಿ ನೀರು ಕುಡಿದಿತ್ತು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ದುಡಿದವರ ಬೆನ್ನು ಬಾಗುತ್ತದೆ, ಮಂಡಿ ಸವೆಯುತ್ತದೆ, ಕಿವಿ ಯಾಕೆ ಸವೆಯಬಾರದು? ಆದರೆ ಧಾರಾಳಪ್ಪನವರು ತಮ್ಮ ತಂದೆಗೆ ಕಿವಿ ಹೋದ ಮೇಲೆ ತೋಟದ ಯಜಮಾನಿಕೆ ಒಂದೇ ವಾರದಲ್ಲಿ ಕೈಬದಲಾದದ್ದನ್ನು ಕಣ್ಣಾರೆ ಕಂಡವರು. ಬದಲಾಯಿಸಿಕೊಂಡವರೂ ಅವರೇ. ಆದ್ದರಿಂದ ತಮ್ಮ ಕಿವಿಯ ಸುದ್ದಿ ಹೊರಗೆ ಬೀಳದ ಹಾಗೆ ನಾಲ್ಕು ವರ್ಷದಿಂದ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು.

"ಒಂದ್ಸಲ ಕಿವಿ ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ ಅಂದ್ರೆ," ಅಂತ ಹೆಂಡತಿ ಶುರುಮಾಡಿದರೆ ಸಾಕು, "ನನ್ನ ಕಿವಿಗೇನಾಗಿದೆ? ನೀವೆಲ್ಲ ಬಾಯಲ್ಲಿ ಹತ್ತಿ ಇಟ್ಕೊಂಡು ಮಾತಾಡಿದ್ರೆ ಯಾರಿಗೆ ಕೇಳುತ್ತೆ?" ಅಂತ ಮನೆ ಹಾರಿಹೋಗುವ ಹಾಗೆ ಕಿರುಚುತ್ತಿದ್ದರು.

ಕೇಳದ ಕಿವಿಯಲ್ಲಿ ವ್ಯವಹಾರ ನಡೆಸಲು ಅವರೊಂದು ಉಪಾಯ ಕಂಡುಕೊಂಡಿದ್ದರು. ಮಾತಾಡುವವರ ಮುಖ ನೋಡುವುದು. ಮುಖದಲ್ಲಿ ನಗು ಇದ್ದರೆ, "ಅದಕ್ಕೇನಂತೆ, ಧಾರಾಳವಾಗಿ!" ಮುಖ ಸಪ್ಪಗಿದ್ದರೆ, "ಏನ್ ಮಾಡೋಕಾಗುತ್ತೆ, ಬಂದದ್ದನ್ನ ಅನುಭವಿಸ್ಬೇಕು." ನಗುವೋ ಅಳುವೋ ಗೊತ್ತಾಗದ ಮುಖವಾದರೆ, "ನೋಡೋಣ, ಯೋಚ್ನೆ ಮಾಡೋಣ." ಲೋಕದ ಮಾತುಕತೆಯೆಲ್ಲ ಈ ಮೂರು ಡಬ್ಬಿಯೊಳಗೆ ಹಿಡಿಸಿಬಿಡುತ್ತದೆ ಅನ್ನುವುದು ಅವರಿಗೇ ಆಶ್ಚರ್ಯ. ಹತ್ತಕ್ಕೆ ಎಂಟು ಸಲ ಸರಿಹೋಗುತ್ತಿತ್ತು. ಒಮ್ಮೆ ಮಾತ್ರ ಹಾಲು ಮಾರುವವನು ಬಂದು, ಸಂಕೋಚಕ್ಕೆ ಹಲ್ಲು ಕಿರಿಯುತ್ತಾ, ತನ್ನ ಅತ್ತೆ ಹಾಸಿಗೆ ಹಿಡಿದಿದ್ದಾರೆ, ಈ ವಾರ ದಾಟುವುದು ಅನುಮಾನ ಅಂದಾಗ, ಧಾರಾಳಪ್ಪನವರು ಅವನ ಬೆನ್ನು ತಟ್ಟಿ "ಬಹಳ ಸಂತೋಷ, ಅದಕ್ಕೇನಂತೆ, ಧಾರಾಳವಾಗಿ!" ಅಂದಿದ್ದರು. ಅವನು ನಾಲ್ಕು ದಿನ ಅದನ್ನೇ ಯೋಚಿಸಿ, ಇವರು ಬಹಳ ಅನುಭವ ಇರುವ ಮನುಷ್ಯರು ಅನ್ನುವ ತೀರ್ಮಾನಕ್ಕೆ ಬಂದ.

ಯಾರಾದರೂ ಏನಾದರೂ ಕೇಳಲು ಬರುವಾಗ ನಗುತ್ತಲೇ ಬರುತ್ತಾರಲ್ಲ? ಹಾಗಾಗಿ ಏಣಿ ಹೋಯಿತು, ಗಾಡಿ ಹೋಯಿತು, ಹಾರೆ ಗುದ್ದಲಿಗಳು ಊರೆಲ್ಲ ಸುತ್ತಾಡಿಕೊಂಡು ಬಂದವು. ಕಿವಿ ಮಂದವಾದಷ್ಟೂ ಕೀರ್ತಿ ಚುರುಕಾಯಿತು. ಧಾರಾಳಪ್ಪನವರು ಅನ್ನುವ ಹೆಸರು ಬಂದು ಕೂತುಬಿಟ್ಟಿತು.

ಆ ವರ್ಷ ತೋಟದಲ್ಲಿ ಎಂದೂ ಕಾಣದ ಫಸಲು. ಹೂವಿನ ಕಾಲದಲ್ಲಿ ಜೇನುಹುಳುಗಳು ಗುಂಯ್ ಅನ್ನುತ್ತಿದ್ದವಂತೆ, ಇದು ಮಗಳು ಹೇಳಿದ್ದು. ಕಾಯಿ ಗೋಲಿ ಗಾತ್ರವಾದಾಗ ಒತ್ತಾಗಿದ್ದನ್ನೆಲ್ಲ ಚಿವುಟಿ ಉದುರಿಸಿದರೂ ಕೊಂಬೆಗಳು ಭಾರ ತಾಳದೆ, ಒಂದೊಂದಕ್ಕೂ ಕವೆಗೋಲು ಕೊಟ್ಟು ನಿಲ್ಲಿಸಬೇಕಾಯಿತು. ಚಳಿ ಶುರುವಾಗುತ್ತಿದ್ದ ಹಾಗೆ ಕೊಯ್ಲು. ಬೆಳಗಾದರೆ ಹೆಂಡತಿ, ಮಗಳು, ಹತ್ತಾಳು ಕೊಯ್ಲಿನವರು ಹೆಗಲಿಗೆ ಚೀಲ ಹಾಕಿಕೊಂಡು ಏಣಿ ಹತ್ತುವುದು, ಹಣ್ಣನ್ನು ತೊಟ್ಟಿನ ಬುಡಕ್ಕೇ ಕತ್ತರಿಸುವುದು, ತಂದು ಕೊಟ್ಟಿಗೆಯಲ್ಲಿ ಸುರಿಯುವುದು. ತೊಟ್ಟು ಉದ್ದ ಉಳಿದರೆ ಅದು ಪಕ್ಕದ ಹಣ್ಣಿಗೆ ಚುಚ್ಚಿ ಇಡೀ ಪೆಟ್ಟಿಗೆಯನ್ನೇ ಕೆಡಿಸುತ್ತದೆ. ಕೊಟ್ಟಿಗೆಯಲ್ಲಿ ಹಣ್ಣನ್ನು ಗಾತ್ರ ನೋಡಿ ವಿಂಗಡಿಸುವ ಯಂತ್ರವೊಂದು ಬೆಳಗಿನಿಂದ ಸಂಜೆಯವರೆಗೂ ಕಟಕಟ ಉರುಳುತ್ತಿತ್ತು. ಅದರ ಮುಂದೆ ನಿಂತರೆ ಒಳ್ಳೆಯ ಕಿವಿಯವರಿಗೂ ಏನೂ ಕೇಳುತ್ತಿರಲಿಲ್ಲ. ಆದ್ದರಿಂದ ಆ ಜಾಗ ಧಾರಾಳಪ್ಪನವರಿಗೆ ಬಹಳ ಇಷ್ಟ.

ಎಲ್ಲ ಮರ ಕೊಯ್ದರೂ ಬೇಲಿ ಪಕ್ಕದ ಕೊನೆಯ ಮರಕ್ಕೆ ಮಾತ್ರ ಯಾರೂ ಕೈಹಚ್ಚುವಂತಿರಲಿಲ್ಲ. ಅದರ ಹಣ್ಣಿನಷ್ಟು ಸಿಹಿ ತೋಟದಲ್ಲಿ ಇನ್ನೊಂದಿಲ್ಲ. ಬೆಳೆಗಾರರ ಸಂಘದ ಪ್ರದರ್ಶನದಲ್ಲಿ ಮೂರು ವರ್ಷ ಸಾಲಾಗಿ ಎರಡನೆಯ ಬಹುಮಾನ ಪಡೆದಿದ್ದ ಧಾರಾಳಪ್ಪನವರು ಈ ಸಲ ಮೊದಲನೆಯದಕ್ಕೆ ಕಣ್ಣಿಟ್ಟು, ಆ ಮರವನ್ನು ಹಸುಗೂಸಿನ ಹಾಗೆ ಕಾಯುತ್ತಿದ್ದರು.

ಹೀಗಿರುವಾಗ ಬೇಲಿಯಾಚೆ ಮನೆಯ ದರ್ಜಿಯಕ್ಕ ಕೊಟ್ಟಿಗೆಗೆ ಬಂದಳು. ಇಪ್ಪತ್ತು ವರ್ಷದಿಂದ ಒಬ್ಬಳೇ ಹೊಲಿಗೆ ಯಂತ್ರ ತುಳಿದು ಮಗನನ್ನು ಸಾಕಿ, ಮದುವೆ ಮಾಡಿ, ಮೊಮ್ಮಗಳನ್ನು ಶಾಲೆಗೆ ಕಳಿಸುವ ತನಕ ಬಂದವಳು. ಒಬ್ಬರ ಹತ್ತಿರ ಒಂದು ಸೂಜಿ ಸಾಲ ಕೇಳಿದವಳಲ್ಲ. ಅವತ್ತು ಬಾಗಿಲಲ್ಲಿ ನಿಂತು, ಕೊಯ್ಲಿನವರ ಹರಕು ಚೀಲಗಳ ಕಡೆ ಕೈತೋರಿಸಿ ಏನೋ ಅಂದಳು, ಬೇಲಿಯ ಕಡೆ ಕೈತೋರಿಸಿ ಇನ್ನೇನೋ ಅಂದಳು. ಮುಖದ ತುಂಬ ನಗು.

"ಅದಕ್ಕೇನಂತೆ, ಧಾರಾಳವಾಗಿ! ಅದನ್ನೂ ಕೇಳ್ಬೇಕಾ ತಂಗಿ?" ಅಂದರು ಧಾರಾಳಪ್ಪನವರು. ತೋಟದ ಒಳಗಿಂದ ರಸ್ತೆಗೆ ಅಡ್ಡದಾರಿ ಹಿಡಿಯಲು ಒಪ್ಪಿಗೆ ಕೇಳುತ್ತಿದ್ದಾಳೆ ಅಂತ ಅವರ ಅಂದಾಜು. ಅವಳ ಕಣ್ಣಲ್ಲಿ ನೀರು ಬಂದದ್ದು ಮಾತ್ರ ಅಡ್ಡದಾರಿಗೆ ಸ್ವಲ್ಪ ಹೆಚ್ಚಾಯಿತು ಅನ್ನಿಸಿತು. ಆದರೂ ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಊಟಕ್ಕೆ ಹೋದರು.

ಮೂರನೆಯ ದಿನ ಬೆಳಿಗ್ಗೆ ಹೋಗಿ ನೋಡುತ್ತಾರೆ, ಮರ ಬೋಳು! ಎಲೆ ಇದೆ, ಕೊಂಬೆ ಇದೆ, ಕವೆಗೋಲೂ ಇದೆ. ಹಣ್ಣು ಮಾತ್ರ ಔಷಧಿಗೂ ಇಲ್ಲ. ಧಾರಾಳಪ್ಪನವರು ಹಾಕಿದ ಬೊಬ್ಬೆಗೆ ಏಣಿ ಮೇಲಿದ್ದ ಕೊಯ್ಲಿನವರೆಲ್ಲ ಸರಸರ ಕೆಳಗಿಳಿದರು.

"ನೀವೇ ಯಾರಿಗಾದ್ರೂ ಮಾತು ಕೊಟ್ಟಿದ್ರಾ?" ಅಂದಳು ಹೆಂಡತಿ.

"ಏಟಾ? ನಾನ್ಯಾಕೆ ಏಟು ಕೊಡ್ಲಿ? ಕಳ್ಳ ಸಿಗಲಿ, ಆಮೇಲೆ ನೋಡು!"

ಹೆಂಡತಿ ಹಣೆ ಚಚ್ಚಿಕೊಂಡಳು. ಹಣ್ಣು ಹೋದ ದುಃಖಕ್ಕೆ ಅಂತ ಧಾರಾಳಪ್ಪನವರು ಅವಳಿಗೆ ಸಮಾಧಾನ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಠಾಣೆಯಿಂದ ಪೇದೆ ಬಂದ. ಆರು ತಿಂಗಳಿಂದ ಕಳೆದುಹೋದ ಆಡು, ಒಡೆದ ಕಿಟಕಿ ಬಿಟ್ಟು ಬೇರೆ ಮೊಕದ್ದಮೆ ಕಾಣದವನು. ಮರವನ್ನು ಮೂರು ಸುತ್ತು ಹಾಕಿ, ಕತ್ತರಿಸಿ ಉಳಿದ ತೊಟ್ಟುಗಳನ್ನು ಬೆರಳಿಂದ ಮುಟ್ಟಿ ನೋಡಿ, "ಕಿತ್ತಿಲ್ಲ, ಕತ್ತರಿಸಿದ್ದಾರೆ. ಎಷ್ಟು ನಾಜೂಕು ನೋಡಿ! ಕತ್ತರಿ ಹಿಡಿದು ಪಳಗಿದ ಕೈ ಇದು," ಅಂದ. ಆಮೇಲೆ ಕೊಟ್ಟಿಗೆಗೆ ಬಂದು, ಯಂತ್ರದ ಪಕ್ಕದ ಪೆಟ್ಟಿಗೆಯ ಮೇಲೆ ಕೂತು ಪುಸ್ತಕ ತೆಗೆದ.

"ಹಣ್ಣೆಷ್ಟು?"

"ಹೆಣ್ಣು ಒಂದೇ. ಇವಳೇ," ಅಂತ ಧಾರಾಳಪ್ಪನವರು ಮಗಳನ್ನು ತೋರಿಸಿದರು. "ಗಂಡು ಆಗ್ಲಿಲ್ಲ."

ಪೇದೆ ತಲೆಯೆತ್ತಿ ನೋಡಿದ. ಮಗಳು, "ಇನ್ನೂರೈವತ್ತು ಹಣ್ಣಿರಬಹುದು ಸಾರ್. ಅಪ್ಪನಿಗೆ ಬೇಜಾರಾಗಿದೆ," ಅಂತ ತಿದ್ದಿದಳು. ಅಷ್ಟರಲ್ಲಿ ಹಣ್ಣಿನ ಲಾರಿ ಬಂದು ಅವಳು ಆ ಕಡೆ ಓಡಿದಳು. ಹೆಂಡತಿ ಚಹಾ ಮಾಡಲು ಒಳಗೆ ಹೋದಳು. ಪೇದೆ, ಧಾರಾಳಪ್ಪನವರು ಮತ್ತು ಯಂತ್ರ, ಮೂವರೇ ಉಳಿದರು. ಅನಾಹುತಕ್ಕೆ ಇದಕ್ಕಿಂತ ಒಳ್ಳೆಯ ಕೂಟ ಬೇಕೆ?

ಪೇದೆ ಯಂತ್ರದ ಸದ್ದಿಗೆ ಅವರ ಎಡಗಿವಿಗೇ ಬಾಯಿ ಹಚ್ಚಿ ಕೇಳಿದ. "ಯಾರ ಮೇಲಾದ್ರೂ ಅನುಮಾನ ಇದೆಯಾ?"

ಧಾರಾಳಪ್ಪನವರಿಗೆ ಕೇಳಿಸಿದ್ದು ಅಭಿಮಾನ. ಪೊಲೀಸರು ಇದನ್ನೆಲ್ಲ ಯಾಕೆ ಕೇಳುತ್ತಾರೆ ಅಂತ ಒಂದು ಗಳಿಗೆ ಅನ್ನಿಸಿತು. ಕಾಲ ಬದಲಾಗಿದೆ, ಈಗೆಲ್ಲ ಜನರ ಜೊತೆ ಹೀಗೇ ಮನಸ್ಸು ಬಿಚ್ಚಿ ಮಾತಾಡಬೇಕು ಅಂತ ಮೇಲಿಂದ ಹೇಳಿರಬೇಕು. ಅವರ ಮುಖ ಅರಳಿತು.

"ಯಾಕಿಲ್ಲ! ಬೇಲಿಯಾಚೆ ದರ್ಜಿಯಕ್ಕ ಇದ್ದಾಳಲ್ಲ, ಅವಳ ಮೇಲೆ."

"ಯಾವಾಗ್ನಿಂದ?"

"ಇಪ್ಪತ್ತು ವರ್ಷದಿಂದ. ಈ ಬೀದಿಗೆ ಬಂದ ದಿನದಿಂದ್ಲೇ ಅಂದ್ರೂ ತಪ್ಪಿಲ್ಲ."

ಪೇದೆಯ ಪೆನ್ನು ನಿಂತಿತು. "ಇಪ್ಪತ್ತು ವರ್ಷದಿಂದ ಯಾರಿಗೂ ಹೇಳ್ದೆ ಸುಮ್ನಿದ್ರಾ?"

"ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾರಾ? ಮನಸ್ಸಲ್ಲೇ ಇಟ್ಕೊಂಡಿರ್ತೀವಿ. ನನಗೊಬ್ಬನಿಗೇ ಅಲ್ಲ, ನನ್ನ ಹೆಂಡ್ತಿಗೂ ಇದೆ. ಬೀದಿಗೆಲ್ಲ ಇದೆ."

"ಕೈ ಹೇಗೆ ಆಕೇದು?"

"ಆಹಾ! ಆ ಕೈ ಕತ್ತರಿ ಹಿಡಿದ್ರೆ ಮುಗೀತು. ಕತ್ತರಿಸಿದ್ದೇ ಗೊತ್ತಾಗಲ್ಲ!"

ಪೇದೆಗೆ ತೊಟ್ಟುಗಳು ನೆನಪಾಗಿ ಮೈ ಜುಮ್ಮೆಂದಿತು. ಬರೆದದ್ದನ್ನೆಲ್ಲ ಓದಿ ಹೇಳಿದ. ಓದುವಾಗ ಹೆಮ್ಮೆಗೆ ಅವನ ಮುಖದಲ್ಲಿ ನಗು ಉಕ್ಕುತ್ತಿತ್ತು. ನಗು ಕಂಡ ಮೇಲೆ ಇನ್ನೇನಿದೆ? "ಧಾರಾಳವಾಗಿ," ಅಂದರು ಧಾರಾಳಪ್ಪನವರು. ಕನ್ನಡಕ ಒಳಗಿತ್ತು. ಸಹಿ ಹಾಕಿದರು.

ಬೇಲಿಯಾಚೆ ಏನು ನಡೆಯಿತು ಅನ್ನುವುದು ಅವರಿಗೆ ಗೊತ್ತಾದದ್ದು ಆಮೇಲೆ. ದರ್ಜಿಯಕ್ಕ ಎರಡು ಬುಟ್ಟಿ ಕಿತ್ತಳೆಯನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಜೋಡಿಸುತ್ತಿದ್ದಳಂತೆ. ಮೊಮ್ಮಗಳ ಶಾಲೆಯ ಆಟೋಟದ ದಿನ ಮಕ್ಕಳಿಗೆ ಹಂಚಲು. "ಇದು ಅಣ್ಣ ಕೊಟ್ಟಿದ್ದು. ಅವರ ಮನಸ್ಸು ಎಂಥದ್ದು ಅಂತ ನಿಮಗೆ ಗೊತ್ತಿಲ್ವಾ?" ಅಂದಳಂತೆ. ಪೇದೆ ಪುಸ್ತಕ ತೆರೆದು ಸಹಿ ತೋರಿಸಿದನಂತೆ. ಅವಳು ಎರಡು ಸಲ ಓದಿದಳಂತೆ.

ಧಾರಾಳಪ್ಪನವರು ಕಂಡದ್ದು ಇಷ್ಟು. ದರ್ಜಿಯಕ್ಕ ಎದೆಗೊಂದು ಗಂಟು ಅವಚಿಕೊಂಡು ತೋಟದ ಗೇಟಿನೊಳಗೆ ಬರುತ್ತಿದ್ದಾಳೆ. ಅವಳ ಹಿಂದೆ ಪೇದೆ, ಪೇದೆಯ ಹಿಂದೆ ಬುಟ್ಟಿಗಳ ತಳ್ಳುಗಾಡಿ, ಅದರ ಹಿಂದೆ ಇಡೀ ಬೀದಿ. ನನ್ನ ಹಣ್ಣು ಹೋಯಿತು ಅಂತ ಸಮಾಧಾನ ಹೇಳಲು ಎಷ್ಟು ಜನ ಬಂದಿದ್ದಾರೆ ಅಂತ ಅವರು ಎಲ್ಲರಿಗೂ ಕೈಮುಗಿದರು.

ದರ್ಜಿಯಕ್ಕ ಯಂತ್ರದ ಎದುರು ಬಂದು ನಿಂತಳು. "ಅಣ್ಣಾ, ನಾನು ಕಳ್ಳಿನಾ?"

ಮುಖ ಸಪ್ಪಗಿತ್ತು. ಎರಡನೆಯ ಡಬ್ಬಿ.

"ಏನ್ ಮಾಡೋಕಾಗುತ್ತೆ ತಂಗಿ," ಅಂದರು ಧಾರಾಳಪ್ಪನವರು ನಿಟ್ಟುಸಿರು ಬಿಟ್ಟು. "ಬಂದದ್ದನ್ನ ಅನುಭವಿಸ್ಬೇಕು."

ಜನ ಹಾ ಅಂತ ಬಾಯಿ ತೆರೆದರು. ಹಾಲಿನವನು ತಳ್ಳುಗಾಡಿಯ ಹಿಡಿ ಬಿಟ್ಟುಬಿಟ್ಟ.

"ನೀವೇ ಅಲ್ವಾ ಅಣ್ಣ, ಧಾರಾಳವಾಗಿ ಕಿತ್ಕೋ ಅಂದಿದ್ದು? ಇಲ್ಲೇ, ಇದೇ ಜಾಗದಲ್ಲಿ ನಿಂತ್ಕೊಂಡು?"

ಈಗ ಆ ಮುಖದಲ್ಲಿ ಇದ್ದದ್ದು ಅಳುವೋ ಸಿಟ್ಟೋ ತಿಳಿಯಲಿಲ್ಲ. ಧಾರಾಳಪ್ಪನವರು ಮೂರನೆಯದನ್ನು ತೆಗೆದರು. "ನೋಡೋಣ, ಯೋಚ್ನೆ ಮಾಡೋಣ."

"ಥೂ!" ಅಂತ ಹಿಂದಿನಿಂದ ಯಾರೋ ಅಂದರು. ಲಾರಿಯ ಹತ್ತಿರದಿಂದ ಓಡಿಬಂದ ಮಗಳು ಯಂತ್ರ ನಿಲ್ಲಿಸಿದಳು. ಕಟಕಟ ಸದ್ದು ನಿಂತದ್ದೇ ಕೊಟ್ಟಿಗೆ ಎಷ್ಟು ನಿಶ್ಶಬ್ದವಾಯಿತೆಂದರೆ, ತಟ್ಟೆಯ ಮೇಲಿದ್ದ ಕೊನೆಯ ಕಿತ್ತಳೆ ಉರುಳಿ ಪೆಟ್ಟಿಗೆಗೆ ಬಿದ್ದದ್ದು ಎಲ್ಲರಿಗೂ ಕೇಳಿಸಿತು. ಎಲ್ಲರಿಗೂ ಅಂದರೆ ಒಬ್ಬರನ್ನು ಬಿಟ್ಟು.

ಹೆಂಡತಿ ಬಂದು ಅವರ ಎಡಗಿವಿಗೆ ಎರಡೂ ಕೈ ಕೊಳವೆ ಮಾಡಿ ಹಿಡಿದಳು. "ಮೊನ್ನೆ ಇವಳು ಆ ಮರದ ಹಣ್ಣು ಕೇಳಿದ್ಳಂತೆ. ಬದಲಿಗೆ ಕೊಯ್ಲಿಗೆ ಹೊಸ ಚೀಲ ಹೊಲಿದುಕೊಡ್ತೀನಿ ಅಂದ್ಳಂತೆ. ನೀವು ಧಾರಾಳವಾಗಿ ಅಂದ್ರಂತೆ. ಇವತ್ತು ಅದೇ ಬಾಯಲ್ಲಿ ಅವಳನ್ನ ಕಳ್ಳಿ ಅಂತ ಬರೆಸಿದ್ದೀರಿ!"

ಅದಷ್ಟೂ ಕೇಳಿಸಿತು. ಧಾರಾಳಪ್ಪನವರ ಕಣ್ಣು ದರ್ಜಿಯಕ್ಕನ ಕೈಯಲ್ಲಿದ್ದ ಗಂಟಿಗೆ ಹೋಯಿತು. ದಪ್ಪ ಬಟ್ಟೆಯ ಚೀಲಗಳು, ಹೆಗಲ ಪಟ್ಟಿಗೆ ಎರಡೆರಡು ಹೊಲಿಗೆ. ಮುಖ ನೋಡುವುದರಲ್ಲಿ ನಿಪುಣರಾಗಿದ್ದ ಅವರಿಗೆ ಈಗ ಯಾರ ಮುಖ ನೋಡಲೂ ಆಗಲಿಲ್ಲ.

ಪೇದೆ ಒಳ್ಳೆಯವನು. ಪೆನ್ನು ತೆಗೆದು, ಅವರ ಎಡಗಿವಿಯ ಹತ್ತಿರ ಬಂದು ಸ್ಪಷ್ಟವಾಗಿ ಅಂದ. "ಮರೆತುಹೋಗಿತ್ತು ಅಂತ ಬರ್ಕೊಳ್ಲಾ ಯಜಮಾನ್ರೆ? ವಯಸ್ಸಾದ ಮೇಲೆ ಮರೆವು ಎಲ್ರಿಗೂ ಇದ್ದದ್ದೇ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. "ಹೌದೌದು, ಮರೆವು!" ಅಂದರು ಧಾರಾಳಪ್ಪನವರು. "ಹಾಳಾದ್ದು ಮರೆವು!"

"ಹಾಗಾದ್ರೆ ಇಪ್ಪತ್ತು ವರ್ಷದಿಂದ ಆಕೆ ಮೇಲೆ ಅನುಮಾನ ಇದೆ, ಹೆಂಡ್ತಿಗೂ ಇದೆ, ಬೀದಿಗೆಲ್ಲ ಇದೆ ಅಂದ್ರಲ್ಲ, ಅದು?"

ಬೀದಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಡತಿಯ ಕಣ್ಣು ಕೆಂಡವಾಯಿತು.

"ಅನುಮಾನಾನಾ?" ಧಾರಾಳಪ್ಪನವರ ಬಾಯಿಂದ ತಡೆಯುವ ಮೊದಲೇ ಜಾರಿತು. "ನೀವು ಕೇಳಿದ್ದು ಅಭಿಮಾನ ಅಲ್ವಾ?"

ಕೊಯ್ಲಿನವಳೊಬ್ಬಳು ಕಿಸಕ್ಕೆಂದಳು. ಅದು ಹಾಲಿನವನಿಗೆ ಹತ್ತಿತು, ಅಲ್ಲಿಂದ ಬೀದಿಗೆಲ್ಲ ಹತ್ತಿತು. ಪೇದೆಯೂ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದ. ನಾಲ್ಕು ವರ್ಷದಿಂದ ಯಾವ ನಗುವಿಗೆ ಹೆದರಿ ಧಾರಾಳಪ್ಪನವರು ಹಗಲೂ ಇರುಳೂ ಕಾವಲು ಕಾದಿದ್ದರೋ ಆ ನಗು ಬಂದು ಕೊಟ್ಟಿಗೆ ತುಂಬಿತು. ಆಶ್ಚರ್ಯವೆಂದರೆ ಅದು ಅಷ್ಟೇನೂ ನೋಯಿಸಲಿಲ್ಲ. ದರ್ಜಿಯಕ್ಕ ಒಬ್ಬಳು ನಗಲಿಲ್ಲ. ನೋಯಿಸಿದ್ದು ಅದು.

"ಮರೆವಲ್ಲ," ಅಂದರು ಅವರು. "ನನಗೆ ಕಿವಿ ಕೇಳಿಸಲ್ಲ. ನಾಲ್ಕು ವರ್ಷ ಆಯ್ತು. ಹಾಗೇ ಬರ್ಕೊಳ್ಳಿ."

ನಗು ಗಕ್ಕನೆ ನಿಂತಿತು. ತಮಗೆ ಸಿಕ್ಕಿದ್ದ ಧಾರಾಳಗಳನ್ನೆಲ್ಲ ಒಬ್ಬೊಬ್ಬರೂ ಮನಸ್ಸಿನಲ್ಲೇ ತಿರುವಿ ನೋಡತೊಡಗಿದರು. ಏಣಿ ಒಯ್ದವರು ಚಪ್ಪಲಿ ನೋಡಿಕೊಂಡರು. "ಹಾಗಾದ್ರೆ ನಮ್ಮತ್ತೆ ವಿಷಯದಲ್ಲಿ ನೀವು..." ಅಂತ ಹಾಲಿನವನು ಬಾಯಿ ತೆರೆದ, ಪಕ್ಕದವರು ಅವನ ಕಾಲು ತುಳಿದರು.

ದರ್ಜಿಯಕ್ಕ ಗಂಟನ್ನು ವಿಂಗಡಿಸುವ ತಟ್ಟೆಯ ಮೇಲಿಟ್ಟಳು. "ಮಾತು ಕೊಟ್ಟಿದ್ದೆ, ತಂದಿದ್ದೀನಿ," ಅಂದಳು. ಬುಟ್ಟಿಗಳ ಕಡೆ ತಿರುಗಿಯೂ ನೋಡದೆ ಹೊರಟುಹೋದಳು.

ಸಂಜೆ ಧಾರಾಳಪ್ಪನವರು ಕೈಗೊಂದರಂತೆ ಎರಡೂ ಬುಟ್ಟಿ ಎತ್ತಿಕೊಂಡರು. ಪ್ರದರ್ಶನಕ್ಕೆ ಅಂತ ಹನ್ನೆರಡೇ ಹನ್ನೆರಡು ಹಣ್ಣು ತೆಗೆದಿಟ್ಟುಕೊಂಡರೆ ಹೇಗೆ ಅಂತ ಒಂದು ಗಳಿಗೆ ಅನ್ನಿಸಿತು. ಹೆಂಡತಿಯ ಮುಖ ನೋಡಿದರು. ಅನ್ನಿಸಿದ್ದು ನಿಂತುಹೋಯಿತು. ಬೇಲಿಯ ಸಂದಿಯಲ್ಲಿ ನುಸುಳಿದರೆ ಹತ್ತು ಹೆಜ್ಜೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಕಡೆ ತಿರುಗಿದರು.

"ಬೀದಿ ಮೇಲೆ ಹೋಗಿ," ಅಂದಳು ಹೆಂಡತಿ ಗಟ್ಟಿಯಾಗಿ. "ಅವಳನ್ನ ಕರ್ಕೊಂಡು ಬಂದದ್ದು ಬೀದಿ ಮೇಲೇ ಅಲ್ವಾ?"

ಬೀದಿ ಮೇಲೆ ಹೋದರು. ಬಾಗಿಲು ಬಾಗಿಲಲ್ಲೂ ಜನ. ಬುಟ್ಟಿಯ ಭಾರಕ್ಕೆ ಮೂರು ಕಡೆ ಇಳಿಸಿ ಸುಧಾರಿಸಿಕೊಳ್ಳಬೇಕಾಯಿತು. ಮೂರು ಕಡೆಯೂ ಯಾರೂ ಏನೂ ಅನ್ನಲಿಲ್ಲ, ಅಂದಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ದರ್ಜಿಯಕ್ಕ ಬಾಗಿಲ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದಳು. ಇವರ ನೆರಳು ಬಟ್ಟೆಯ ಮೇಲೆ ಬಿದ್ದಾಗ ಕಾಲು ನಿಲ್ಲಿಸಿದಳು.

"ತಪ್ಪಾಯ್ತು ತಂಗಿ," ಅಂದರು ಧಾರಾಳಪ್ಪನವರು ಮೆಟ್ಟಿಲ ಕೆಳಗೇ ನಿಂತು.

ಅವಳು ಬಟ್ಟೆಯಿಂದ ಕಣ್ಣೆತ್ತದೆ ಏನೋ ಅಂದಳು. ತುಟಿ ಅಲುಗಿದ್ದು ಕಂಡಿತು. ಹಳೆಯ ಮಾತುಗಳು ಮೂರೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಧಾರಾಳಪ್ಪನವರು ಅವನ್ನು ನುಂಗಿಕೊಂಡರು.

"ಕೇಳಿಸ್ಲಿಲ್ಲ ತಂಗಿ."

ಇನ್ನೊಂದು ಸಲ ಅಂದಳು, ಸ್ವಲ್ಪ ಗಟ್ಟಿಯಾಗಿ. ಎದುರುಮನೆಯವರು ಕಿಟಕಿ ತೆರೆದರು.

"ಇನ್ನೂ ಸ್ವಲ್ಪ ಜೋರಾಗಿ ಹೇಳಮ್ಮ. ಈ ಕಿವಿಗೆ."

ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ದನಿ ಏರಿಸದ ಹೆಂಗಸು ಎದ್ದು ನಿಂತು, ಇಡೀ ಬೀದಿ ತಿರುಗಿ ನೋಡುವ ಹಾಗೆ ಕೂಗಿದಳು. "ಹಣ್ಣು ಒಳಗಿಟ್ಟು ಹೋಗಿ ಅಂದೆ! ನಿಮ್ಮ ಮುಖ ನೋಡೋಕೆ ನನಗೆ ಇನ್ನೂ ಆಗ್ತಿಲ್ಲ ಅಂದೆ!"

ಕೂಗಿದ ಮೇಲೆ ಅವಳಿಗೇ ನಾಚಿಕೆಯಾಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತುಬಿಟ್ಟಳು. ಧಾರಾಳಪ್ಪನವರು ತಲೆ ತಗ್ಗಿಸಿ ಮೆಟ್ಟಿಲು ಹತ್ತಿದರು, ಬುಟ್ಟಿಗಳನ್ನು ಗೋಡೆಯ ಪಕ್ಕ ಮೆಲ್ಲಗೆ ಇಟ್ಟರು, ಹೊರಳಿ ಹೊರಗೆ ಬಂದರು. ಹಿಂದೆ ಹೊಲಿಗೆ ಯಂತ್ರ ಮತ್ತೆ ಶುರುವಾಯಿತೋ ಇಲ್ಲವೋ ತಿಳಿಯಲಿಲ್ಲ.

ಗೇಟಿನಲ್ಲಿ ಹೆಂಡತಿ ಕಾಯುತ್ತಿದ್ದಳು. ಎಡಗಡೆಗೆ ಬಂದು ಕೇಳಿದಳು. "ಏನಂದ್ಳು?"

"ಮುಖ ನೋಡೋಕೆ ಇನ್ನೂ ಆಗ್ತಿಲ್ಲ ಅಂದ್ಳು." ಆ ಮನೆಯ ಕಡೆ ತಿರುಗಿ ನೋಡಿ, "'ಇನ್ನೂ' ಅಂದ್ಳು ಕಣೆ," ಅಂದರು.

"ಸರಿಯಾಗಿ ಕೇಳಿಸ್ತಾ ನಿಮಗೆ?"

"ಬೀದಿಗೆಲ್ಲ ಕೇಳಿಸ್ತು," ಅಂದರು ಧಾರಾಳಪ್ಪನವರು.